ಸಿಸ್ಟರಮ್ಮನ ಹಿತ್ತಲು, ಸಿಸ್ಟರಮ್ಮನ ಗೇಟು

ಗೌರಿಬಿದನೂರಿನ ಆ ಬೀದಿಯ ತಿರುವಿನಲ್ಲಿ ಲೈಟುಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಬಿಳಿ ಸೀರೆಯ ಹಳೆಯ ಫೋಟೋ, ಸುತ್ತ ಹೂವಿನ ಚಿತ್ರ, ಕೆಳಗೆ ‘ತಾಳ್ಮೆಯ ಪ್ರತಿರೂಪ, ಶಾಂತಸ್ವಭಾವದ ನಮ್ಮ ಸಿಸ್ಟರಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲು. ಅದಕ್ಕೂ ಕೆಳಗೆ, ‘ಬೀದಿಯ ಸಮಸ್ತ ನಿವಾಸಿಗಳು’.

ಸುಳ್ಳು. ತಾಳ್ಮೆ ಅನ್ನುವುದು ಆಯಮ್ಮನ ಹತ್ತಿರ ಸುಳಿದಿರಲಿಲ್ಲ. ಶಾಂತಸ್ವಭಾವ ಇದ್ದಿದ್ದರೆ ನನ್ನಂಥ ವ್ಯಾಪಾರಿ ನಾಲ್ಕು ಕಾಸು ಹೆಚ್ಚು ಸಂಪಾದಿಸುತ್ತಿದ್ದ. ಇನ್ನು ಸಮಸ್ತ ನಿವಾಸಿಗಳ ವಿಷಯಕ್ಕೆ ಬಂದರೆ, ಆಯಮ್ಮನ ಹಿತ್ತಲಿನ ಮೀನಿನ ತೊಟ್ಟಿಯನ್ನು ಕೀಳಿಸಬೇಕು ಅಂತ ನಗರಸಭೆಗೆ ಅರ್ಜಿ ಕೊಟ್ಟವರು ಇದೇ ಸಮಸ್ತರು. ಜಗಳವಾಡಿದವರನ್ನು ಸತ್ತಮೇಲೆ ಶಾಂತಮೂರ್ತಿ ಮಾಡಿಬಿಟ್ಟರೆ ಒಂದು ಅನುಕೂಲ ಇದೆ. ಅವರು ಯಾಕೆ ಜಗಳವಾಡಿದರು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ನನಗೆ ಆ ಅನುಕೂಲ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಂದೂಪುರ ರಸ್ತೆಯಲ್ಲಿ ಹಳೆಯ ಡ್ರಮ್ಮು, ಪೈಪು, ಮೋಟಾರು ಮಾರುವ ಅಂಗಡಿಯವನು. ಮಂಚೇನಹಳ್ಳಿಯ ಕಡೆ ಸೈಕಲ್ ಮೇಲೆ ಹಳೇ ಕಬ್ಬಿಣ, ಖಾಲಿ ಬಾಟಲಿ ಕೂಗುತ್ತಾ ತಿರುಗಿ ಮೇಲೆ ಬಂದವನು. ಚೌಕಾಸಿಯಲ್ಲಿ ಸೋತದ್ದು ಕಡಿಮೆ. ಸೋತದ್ದರಲ್ಲಿ ಮುಕ್ಕಾಲು ಪಾಲು ಈ ಸಿಸ್ಟರಮ್ಮನ ಕೈಯಲ್ಲಿ.

ಆಯಮ್ಮ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರಿನ ಅರ್ಧ ಹುಡುಗರು ಮೊದಲು ಅತ್ತದ್ದು ಅವರ ಕೈಯಲ್ಲೇ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಬಸ್ ಕಂಡಕ್ಟರಿಗೂ ಸಿಸ್ಟರಮ್ಮ, ತರಕಾರಿಯವಳಿಗೂ ಸಿಸ್ಟರಮ್ಮ. ಮದುವೆ ಆಗಿರಲಿಲ್ಲ. ತಂಗಿಯ ಮಗಳೊಬ್ಬಳು ಜೊತೆಗಿದ್ದಳು, ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ಮನೆಯ ಹಾಲಿನಲ್ಲಿ ದೇವರ ಪಟಗಳಿರಲಿಲ್ಲ. ಒಂದು ಬುದ್ಧನ ಪಟ, ಅದರ ಪಕ್ಕದಲ್ಲೇ ಗಡಿಯಾರ. ಎರಡನ್ನೂ ದಿನಾ ಒರೆಸುತ್ತಿದ್ದರು.

ಮೊದಲ ಸಲ ಅಂಗಡಿಗೆ ಬಂದಾಗ ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ವಿಡಿಯೋ. ಯಾವುದೋ ದೇಶದ ಮನುಷ್ಯ ತನ್ನ ಹಿತ್ತಲಿನಲ್ಲಿ ದೊಡ್ಡ ತೊಟ್ಟಿಯಲ್ಲಿ ಮೀನು ಬಿಟ್ಟಿದ್ದಾನೆ. ಮೀನಿನ ಗಲೀಜು ತುಂಬಿದ ನೀರನ್ನು ಸಣ್ಣ ಮೋಟಾರು ಮೇಲಕ್ಕೆತ್ತಿ ಜಲ್ಲಿ ತುಂಬಿದ ಇನ್ನೊಂದು ತೊಟ್ಟಿಗೆ ಹರಿಸುತ್ತದೆ. ಜಲ್ಲಿಯಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆದಿದೆ. ಸೊಪ್ಪು ತನಗೆ ಬೇಕಾದ್ದನ್ನು ಹೀರಿಕೊಂಡು, ಉಳಿದ ತಿಳಿನೀರು ಮತ್ತೆ ಮೀನಿನ ತೊಟ್ಟಿಗೇ ಇಳಿಯುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಅಂತ ಹೆಸರು. ನಾಲಿಗೆ ಹೊರಳದೆ ನಾನು ‘ತಿರುಗೋ ನೀರು’ ಅಂದೆ. ಕೊನೆಯವರೆಗೂ ಅದೇ ಉಳಿಯಿತು.

“ಒಂದು ದೊಡ್ಡ ಟ್ಯಾಂಕು, ಎರಡು ನೀಲಿ ಡ್ರಮ್ಮು ಬೇಕಪ್ಪ. ಡ್ರಮ್ಮನ್ನ ಉದ್ದುದ್ದ ಸೀಳಿಕೊಡ್ಬೇಕು,” ಅಂದರು. ಡ್ರಮ್ಮುಗಳ ಸಾಲಿನಲ್ಲಿ ವಾರ್ಡಿನಲ್ಲಿ ನಡೆಯುವ ಹಾಗೆ ನಡೆದರು, ಒಂದೊಂದನ್ನೂ ತಟ್ಟಿ, ಬಾಯಿಗೆ ಮೂಗಿಟ್ಟು.

“ಇದ್ರಲ್ಲಿ ಏನಿತ್ತು?”

“ಮಾವಿನಹಣ್ಣಿನ ರಸ ಅಮ್ಮ.”

“ಅದ್ರಲ್ಲಿ?”

“ಅದ್ರಲ್ಲೂ ಮಾವಿನ ರಸಾನೇ.”

“ಸರಿ. ಎರಡರಲ್ಲೂ ಒಂದೊಂದು ಚೊಂಬು ನೀರು ಹಾಕಿ ಅಲ್ಲಾಡ್ಸಿ, ಒಂದೊಂದು ಲೋಟ ನನ್ನ ಮುಂದೆ ಕುಡಿ.”

ಅಂಗಡಿಗೆ ಕಂಟ್ರಾಕ್ಟರುಗಳು ಬಂದಿದ್ದಾರೆ, ದ್ರಾಕ್ಷಿ ತೋಟದವರು ಬಂದಿದ್ದಾರೆ. ಕುಡಿ ಅಂದವರು ಯಾರೂ ಇಲ್ಲ. ಮೊದಲನೇ ಡ್ರಮ್ಮಿನದು ಕುಡಿದೆ. ಎರಡನೆಯದರ ಲೋಟ ತುಟಿಯವರೆಗೂ ಬಂದು ಸ್ವಲ್ಪ ನಿಂತಿತು. ಅಷ್ಟೇ ಸಾಕಾಯಿತು.

“ನಿಜಂ ಚೆಪ್ಪು,” ಅಂದರು. ನಿಜ ಹೇಳು ಅಂತ. ಬೈಯುವುದಕ್ಕೆ ಕನ್ನಡ, ಚೌಕಾಸಿಗೆ ತೆಲುಗು, ಅದು ಅವರ ಲೆಕ್ಕ.

“ಸೋಪಿನ ಎಣ್ಣೆ ಇತ್ತಮ್ಮ. ಚೆನ್ನಾಗಿ ತೊಳೆದಿದೀನಿ.”

“ತೊಳೆದಿದ್ರೆ ಕುಡೀತಿದ್ದೆ. ಮೊದಲನೇದು ಕೊಡು, ಅದರ ಜೋಡೀದು ಹುಡುಕಿ ಇನ್ನೊಂದು ಕೊಡು. ಈ ಲೋಟದ ಲೆಕ್ಕಕ್ಕೆ ಪೈಪು ಬಿಟ್ಟಿ.”

ಪೈಪು ಬಿಟ್ಟಿ ಕೊಟ್ಟೆ. ಹಳೇ ಡ್ರಮ್ಮು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನನ್ನ ಅಂಗಡಿಯಲ್ಲಿ ಬೇಡ, ಬೇರೆಯವರ ಅಂಗಡಿಯಲ್ಲಿ ಮಾಡಿನೋಡಿ.

ಅವರ ಮನೆಯ ಮುಂದಿನ ಗೇಟು ಭಾರದ್ದು, ಹಳೆಯದು, ಚಿಲಕ ಕಚ್ಚಿಕೊಳ್ಳುತ್ತಿತ್ತು. ಟ್ಯಾಂಕು ಇಳಿಸಿದ ದಿನವೇ ನಾನು ಸಲಹೆ ಕೊಟ್ಟೆ, “ಅಮ್ಮ, ನನ್ನತ್ರ ಒಂದು ಹಗುರ ಗೇಟಿದೆ, ಮುಟ್ಟಿದ್ರೆ ತೆರ್ಕೊಳ್ತದೆ.”

“ಬೇಡಪ್ಪ. ಬರೋರು ಸ್ವಲ್ಪ ಮನಸ್ಸು ಮಾಡಿ ಬರ್ಲಿ,” ಅಂದರು.

ಟ್ಯಾಂಕು ಕೂರಿಸಿದೆವು, ಮೇಲೆ ಸೀಳಿದ ಡ್ರಮ್ಮು ಇಟ್ಟೆವು, ಜಲ್ಲಿ ತುಂಬಿದೆವು. ಡ್ರಮ್ಮು ಕಂಠದವರೆಗೆ ತುಂಬಿದಾಗ ತಾನಾಗಿಯೇ ಗಟಗಟ ಅಂತ ಖಾಲಿಯಾಗುವ ಒಂದು ಪೈಪಿನ ಕೂಡಿಕೆ ಇದೆ. ಅದು ಸರಿಹೋಗುವುದಕ್ಕೆ ನನಗೂ ಅವರಿಗೂ ತುಂಬ ದಿನ ಹಿಡಿಯಿತು. ಒಮ್ಮೆ ಖಾಲಿಯೇ ಆಗುವುದಿಲ್ಲ, ಇನ್ನೊಮ್ಮೆ ನಿಲ್ಲುವುದೇ ಇಲ್ಲ. ವಿಡಿಯೋದವನು ಒಂದೇ ಏಟಿಗೆ ಮಾಡಿ ನಗುತ್ತಾನೆ. ಅವನ ನಗು ನಂಬಬೇಡಿ. ಹೊಸದಾಗಿ ಕಟ್ಟುವವರು ಮೊದಲು ಬರೀ ನೀರು ತಿರುಗಿಸಿ ನೋಡಿ, ಮೀನು ಆಮೇಲೆ.

ಕೂಡಿಕೆ ಸರಿಹೋದ ಬೆಳಿಗ್ಗೆ ಸಿಸ್ಟರಮ್ಮ ಪೈಪಿನ ಮೇಲೆ ಎರಡು ಬೆರಳಿಟ್ಟು, ತಲೆ ಸ್ವಲ್ಪ ವಾಲಿಸಿ ನಿಂತರು. ನಾಡಿ ನೋಡುವ ಹಾಗೆ. ಆಮೇಲೆ ಅದು ಅಭ್ಯಾಸವೇ ಆಯಿತು. ಕಾಫಿ ಕೈಯಲ್ಲಿ ಹಿಡಿದು ಹಿತ್ತಲಿಗೆ ಬಂದರೆ ಮೊದಲು ಎರಡು ಬೆರಳು ಪೈಪಿನ ಮೇಲೆ. ಒಳಗೆ ನೀರು ನಡೆಯುತ್ತಿದೆ ಅಂತ ಗೊತ್ತಾದ ಮೇಲೆ ಮಾತು.

ಇನ್ನು ತಪ್ಪಿನ ಕತೆ. ಈ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು ಅಂತ ನನ್ನ ನಂಬಿಕೆ.

ಸಿಸ್ಟರಮ್ಮನ ಹುಟ್ಟೂರು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಪಕ್ಕ. ಅಲ್ಲಿ ರೇಷ್ಮೆಹುಳು ಸಾಕುವ ಮನೆ ಅಂದರೆ ಆಪರೇಷನ್ ಕೋಣೆಯಷ್ಟು ಮಡಿ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಗೋಡೆ, ಹುಳು ಮೇಯುವ ಬಿದಿರಿನ ತಟ್ಟೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪುಡಿಯಲ್ಲಿ ತೊಳೆಯುತ್ತಾರೆ. ಹೊಸ್ತಿಲಿಗೆ ಸುಣ್ಣ ಹಾಕುತ್ತಾರೆ. ಅಂಥ ಊರಿನಲ್ಲಿ ಹುಟ್ಟಿ, ಮೇಲೆ ಆಸ್ಪತ್ರೆಯಲ್ಲಿ ದುಡಿದ ಕೈ ಸುಮ್ಮನಿರುತ್ತದೆಯೇ? ಮೀನು ಬಿಡುವ ಹಿಂದಿನ ದಿನ ಟ್ಯಾಂಕು, ಡ್ರಮ್ಮು, ಜಲ್ಲಿ, ಪೈಪು ಎಲ್ಲಕ್ಕೂ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಸುತ್ತ ಸುಣ್ಣದ ಗೆರೆ ಎಳೆದರು. ನನಗೂ ಅದು ತಪ್ಪು ಅನ್ನಿಸಲಿಲ್ಲ, ನಾನೂ ಈ ಕಡೆಯವನೇ. ಗೆಂಡೆಮೀನಿನ ಮರಿ ತಂದು ಬಿಟ್ಟೆವು. ಬೆಳಿಗ್ಗೆ ಎದ್ದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಆಯಮ್ಮ ಒಂದೊಂದನ್ನೂ ಕೈಯಿಂದಲೇ ತೆಗೆದರು. ಮುಖ ನೋಡಲಾಗುತ್ತಿರಲಿಲ್ಲ.

ಜಲ್ಲಿಯಲ್ಲಿ ಔಷಧ ಉಳಿದಿತ್ತು ಅಂತ ತಿಳಿಯಿತು. ನೀರು ಬದಲಿಸಿ, ಬಿಸಿಲಿಗೆ ಬಿಟ್ಟು, ಮತ್ತೆ ಮರಿ ಬಿಟ್ಟರು. ಈ ಸಲ ಬದುಕಿದವು, ಕೈ ಕಂಡರೆ ಮೇಲೆ ಬರುವಷ್ಟು ಚುರುಕಾದವು. ಆದರೆ ಜಲ್ಲಿಯ ಮೇಲೆ ಕಂದು ಬಣ್ಣದ ಲೋಳೆ ಹಿಡಿಯತೊಡಗಿತು. ಲೋಳೆ ಕಂಡರೆ ನರ್ಸಿಗೆ ಮೈ ಉರಿಯುತ್ತದೆ. ಜಲ್ಲಿ ಎಲ್ಲ ಹೊರಗೆ ತೆಗೆದು, ಮತ್ತೆ ಬ್ಲೀಚಿಂಗ್ ಪುಡಿಯಲ್ಲಿ ಉಜ್ಜಿ, ಈ ಸಲ ಬುದ್ಧಿವಂತಿಕೆಯಿಂದ ಹತ್ತಾರು ನೀರಿನಲ್ಲಿ ತೊಳೆದು ಒಣಗಿಸಿ ತುಂಬಿದರು. ಔಷಧದ ವಾಸನೆಯೂ ಉಳಿದಿರಲಿಲ್ಲ. ಆದರೂ ವಾರ ಕಳೆಯುವುದರೊಳಗೆ ಮೀನು ಒಂದೊಂದಾಗಿ ಬಾಯಿ ಮೇಲೆತ್ತಿ ಸತ್ತವು.

ಆ ಭಾನುವಾರ ತಂಗಿ ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. “ದೊಡ್ಡಮ್ಮ, ಆ ಲೋಳೇನೇ ಕೆಲಸ ಮಾಡೋದು. ಅದ್ರಲ್ಲಿರೋ ಕ್ರಿಮಿಗಳೇ ಮೀನಿನ ಗಲೀಜನ್ನ ಗಿಡದ ಗೊಬ್ಬರ ಮಾಡೋದು. ನೀವು ಅದ್ನ ಉಜ್ಜಿ ಬಿಸಾಕಿದ್ರೆ ಗಲೀಜು ನೀರಲ್ಲೇ ಉಳಿದು ಮೀನಿಗೆ ವಿಷ ಆಗ್ತದೆ.”

ಸಿಸ್ಟರಮ್ಮ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದರು. ನಾನು ಪೈಪಿಗೆ ಟೇಪು ಸುತ್ತುತ್ತಿದ್ದೆ.

“ಜೀವಮಾನ ಪೂರ್ತಿ ಕ್ರಿಮಿ ಕೊಂದು ಸಂಬಳ ತಗೊಂಡೆ ಕಣಪ್ಪ,” ಅಂದರು. “ಈಗ ಕ್ರಿಮಿ ಸಾಕ್ಬೇಕಂತೆ.”

ನಾನು ನಕ್ಕೆ. ಅವರು ನಗಲಿಲ್ಲ. ಯಾರೂ ಕೇಳದೆಯೇ ಹೇಳಿದರು.

“ನಮ್ಮಮ್ಮ ಹಿಪ್ಪುನೇರಳೆ ಸೊಪ್ಪು ಕೀಳೋ ಕೂಲಿ. ಕಿತ್ತು, ಬುಟ್ಟಿ ಹೊತ್ಕೊಂಡು ಹುಳದ ಮನೆ ತನಕ ಹೋಗೋಳು. ಆ ಸೊಪ್ಪನ್ನ ಹುಳ ತಿನ್ನೋದು. ಬುಟ್ಟಿ ಮಾತ್ರ ಹೊಸ್ಲಿಂದ ಈಚೆ ಇಳಿಸ್ಬೇಕು. ಸುಣ್ಣದ ಗೆರೆ ದಾಟಂಗಿಲ್ಲ. ಕೇಳಿದ್ರೆ, ಹುಳಕ್ಕೆ ರೋಗ ಬರ್ತದೆ ಅನ್ನೋರು. ಹೊರಗಿನೋರು ಯಾರೂ ಬರಂಗಿಲ್ಲ, ಎಲ್ಲಾರ್ಗೂ ಒಂದೇ ಅಂತ.”

“ಅದು ನಿಜಾನೇ ಅಲ್ವಾ ಅಮ್ಮ? ಹುಳದ ಮನೆಗೆ ಈಗ್ಲೂ ಯಾರ್ನೂ ಬಿಡಲ್ಲ.”

“ನಿಜಾನೇ. ಅದ್ಕೇ ನಾನೂ ನಂಬಿದ್ದೆ. ಒಂದಿನ ಬಾಗ್ಲಲ್ಲಿ ಬಗ್ಗಿ ನೋಡಿದ್ರೆ, ಅವರ ಮನೆ ನಾಯಿ ಒಳಗಡೆ ತಟ್ಟೆ ಕೆಳಗೆ ತಂಪಾಗಿ ಮಲಗಿತ್ತು.”

ಎದ್ದು ಒಳಗೆ ಹೋದರು. ಬ್ಲೀಚಿಂಗ್ ಪುಡಿಯ ಡಬ್ಬ ತಂದು ನನ್ನ ಮುಂದೆ ಕುಕ್ಕಿದರು. “ತಗೊಂಡೋಗು. ನಿನ್ನ ಅಂಗಡೀಲಿ ಮಾರ್ಕೋ.”

“ತೆರೆದ ಡಬ್ಬಕ್ಕೆ ಬೆಲೆ ಬರಲ್ಲಮ್ಮ.”

“ಬೆಲೆ ಕೇಳಿದ್ನಾ ನಿನ್ನ? ಹೊತ್ಕೊಂಡು ಹೋಗೋ ಅಂದೆ!”

ಹೊತ್ತುಕೊಂಡು ಹೋದೆ. ಸುಣ್ಣದ ಗೆರೆಯನ್ನು ಅವರೇ ಚಪ್ಪಲಿ ಕಾಲಿನಲ್ಲಿ ಉಜ್ಜಿ ಅಳಿಸಿದರು. ಮೂರನೇ ಸಲ ಬಿಟ್ಟ ಮೀನು ಬದುಕಿತು. ಜಲ್ಲಿ ಕಂದಾಯಿತು, ಯಾರೂ ಉಜ್ಜಲಿಲ್ಲ. ಪಾಲಕ್ಕು, ದಂಟು, ಕೊತ್ತಂಬರಿ, ಎಲ್ಲಕ್ಕಿಂತ ಹೆಚ್ಚಾಗಿ ಸಬ್ಬಸಿಗೆ, ಮೊಣಕಾಲೆತ್ತರಕ್ಕೆ ಬಂತು.

ಸೊಪ್ಪು ಬಂದ ಮೇಲೆ ಬೀದಿಗೆ ಕಣ್ಣು ಬಂತು.

ಪಕ್ಕದ ಮನೆ ನಿವೃತ್ತ ಮೇಷ್ಟ್ರದು. ಎರಡು ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಮೇಷ್ಟ್ರು ಕೆಟ್ಟವರಲ್ಲ, ಮಾತು ಮೆದು, ಇಸ್ತ್ರಿ ಅಂಗಿ, ಎಲ್ಲದಕ್ಕೂ ‘ದಯವಿಟ್ಟು’. ಅವರು ಮೊದಲ ಸಲ ದೂರಿದ್ದು ನ್ಯಾಯವಾದ ಕಾರಣಕ್ಕೇ. ಸಿಸ್ಟರಮ್ಮ ಶಿಡ್ಲಘಟ್ಟದಿಂದ ಮೀನಿಗೆ ಮೇವು ತರಿಸಿದ್ದರು. ಗೂಡಿನಿಂದ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳು. ಮೀನಿಗೆ ಅದು ಹಬ್ಬದೂಟ. ಮೂಗಿಗೆ ಮಾತ್ರ ನರಕ. ಬಿಸಿಲಿಗೆ ಚೀಲ ಬಿಚ್ಚಿದರೆ ಬೀದಿಯ ತುದಿಯವರೆಗೂ ಸುದ್ದಿ.

ಮೇಷ್ಟ್ರು ತಮ್ಮ ಮನೆ ಗೇಟಿನೊಳಗೇ ನಿಂತು ಕೂಗಿದರು. “ಸಿಸ್ಟರಮ್ಮ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಊಟಕ್ಕೆ ಕೂರೋಕಾಗ್ತಿಲ್ಲ.”

“ನಿಜ ಮೇಷ್ಟ್ರೇ. ತಪ್ಪು ನಂದು. ನಾಳೆಯಿಂದ ಈ ವಾಸನೆ ಬರಲ್ಲ.”

ಚೀಲವನ್ನು ಅವತ್ತೇ ಕೋಳಿ ಸಾಕುವವರೊಬ್ಬರಿಗೆ ಕೊಟ್ಟರು. ನೀರಿನ ಮೇಲೆ ಬೆಳೆಯುವ ಅಜೋಲ್ಲಾ ಅನ್ನುವ ಪಾಚಿಯಂಥ ಮೇವನ್ನು ಒಂದು ಟಬ್ಬಿನಲ್ಲಿ ತಾವೇ ಬೆಳೆದರು. ವಾಸನೆ ಹೋಯಿತು. ಹಿತ್ತಲಿನಲ್ಲಿ ಸಬ್ಬಸಿಗೆ ಘಮ ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಮೂಗೇ ಸಾಕ್ಷಿ.

ಅರ್ಜಿ ಹೋದದ್ದು ಅದಾದ ಮೇಲೆ. ಇದನ್ನು ಗಮನಿಸಿ. ವಾಸನೆ ಇದ್ದಾಗ ಅಲ್ಲ, ಹೋದ ಮೇಲೆ. ಮೀನಿನ ತೊಟ್ಟಿಯಿಂದ ಸೊಳ್ಳೆ, ಸೊಳ್ಳೆಯಿಂದ ಡೆಂಗ್ಯೂ, ಸಸ್ಯಾಹಾರಿಗಳಿರುವ ಬೀದಿಯಲ್ಲಿ ಇದು ಸಲ್ಲದು, ತೆರವು ಮಾಡಿಸಬೇಕು ಅಂತ ಬರೆದು ಬೀದಿಯವರೆಲ್ಲ ಸಹಿ ಹಾಕಿದ್ದರು.

ನಗರಸಭೆಯಿಂದ ಆರೋಗ್ಯದವರೊಬ್ಬರು ಬಂದರು. ಅವತ್ತು ಮೋಟಾರು ರಿಪೇರಿಗೆ ನಾನು ಅಲ್ಲೇ ಇದ್ದೆ. ಮೇಷ್ಟ್ರು ಗೋಡೆಯಾಚೆ, ಉಳಿದ ನಾಲ್ಕು ಜನ ಗೇಟಿನಾಚೆ. ಆರೋಗ್ಯದವರು ಟಾರ್ಚು ಬಿಟ್ಟು ತೊಟ್ಟಿ ನೋಡಿದರು, ಜಾಲರಿ ಹಾಕಿ ನೋಡಿದರು.

“ಒಂದು ಸೊಳ್ಳೆಮರಿಯೂ ಇಲ್ಲವಲ್ಲಮ್ಮ.”

“ಹೆಂಗಿರ್ತದೆ ಸಾರ್? ಮೀನು ತಿನ್ನುತ್ತೆ. ನಂಬಿಕೆ ಇಲ್ದಿದ್ರೆ ಬೀದೀಲಿ ಎಲ್ಲಾದ್ರೂ ಸಿಕ್ಕಿದ್ರೆ ತನ್ನಿ, ಹಾಕಿ ತೋರಿಸ್ತೀನಿ.”

ಮನುಷ್ಯ ಕೆಲಸ ಬಲ್ಲವನು. ಬಂದದ್ದು ಬಂದೆ ಅಂತ ಬೀದಿಯ ತೊಟ್ಟಿಗಳನ್ನೆಲ್ಲ ನೋಡಿದ. ಮೇಷ್ಟ್ರ ಮನೆಯ ತುಳಸಿಕಟ್ಟೆಯ ಹಿಂದೆ ಒಂದು ಹಳೇ ಒರಳುಕಲ್ಲು. ಅದರಲ್ಲಿ ನಿಂತ ಮಳೆನೀರಿನಲ್ಲಿ ಸೊಳ್ಳೆಮರಿ ಗಿಜಿಗಿಜಿ. ಒಂದು ಲೋಟದಲ್ಲಿ ಎತ್ತಿ ತಂದು ಸಿಸ್ಟರಮ್ಮನ ತೊಟ್ಟಿಗೆ ಸುರಿದ. ಗೆಂಡೆಗಳು ಬಂದು ಚಪ್ಪರಿಸಿ ಹೋದವು.

“ಮೇಷ್ಟ್ರೇ,” ಅಂದರು ಸಿಸ್ಟರಮ್ಮ, “ನಿಮ್ಮನೆ ಮೇವು ನಮ್ಮ ಮೀನಿಗೆ ಒಗ್ಗಿತು ನೋಡಿ. ದಿನಾ ಕಳಿಸಿ.”

ನಾನು ನಕ್ಕೆ. ಗೇಟಿನಾಚೆಯವರಲ್ಲೂ ಒಬ್ಬರು ನಕ್ಕರು. ಆರೋಗ್ಯದವರು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಹೋದ ಮೇಲೆ ಮೇಷ್ಟ್ರು ಗೋಡೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ಸಿಸ್ಟರಮ್ಮ, ವೈಯಕ್ತಿಕವಾಗಿ ತಗೋಬೇಡಿ. ನಾಲ್ಕು ಜನರ ಜೊತೆ ಬದುಕ್ಬೇಕು. ಇದು ಒಂದು ಥರದ ಬೀದಿ.”

“ಯಾವ ಥರದ್ದು?”

ಮೇಷ್ಟ್ರು ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡರು.

“ನಿಮ್ಮ ಮಗಳ ಹೊಕ್ಕುಳುಬಳ್ಳಿ ಕತ್ತರಿಸಿದ್ದು ಈ ಕೈ ಮೇಷ್ಟ್ರೇ. ಅವಳು ಅಳದೆ ಇದ್ದಾಗ ಬೆನ್ನು ತಟ್ಟಿ ಅಳಿಸಿದ್ದೂ ಈ ಕೈ.”

“ಅದು ಆಸ್ಪತ್ರೆ ಅಲ್ವೇ? ಅಲ್ಲಿ ವಿಷಯ ಬೇರೆ.”

“ಹೌದು ಬೇರೆ. ಅಲ್ಲಿ ನಿಮಗೆ ಬೇರೆ ಗತಿ ಇರ್ಲಿಲ್ಲ.”

ಅಲ್ಲಿಗೆ ಜಗಳ ಯಾವುದಕ್ಕೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ತೊಟ್ಟಿ ಉಳಿಯಿತು. ತೊಟ್ಟಿ ಉಳಿದದ್ದು ಸಿಸ್ಟರಮ್ಮನಿಗೆ ಸಾಲಲಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದಿತ್ತು. ಅದನ್ನು ನಾನು ತಿಳಿದದ್ದು ಸಬ್ಬಸಿಗೆಯ ದಿನ.

ಅಷ್ಟು ಹೊತ್ತಿಗೆ ಮೇಷ್ಟ್ರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಕೊಟ್ಟರೆ ಹಾಲು ಬರುತ್ತದೆ ಅಂತ ನಮ್ಮ ಕಡೆ ಪ್ರತಿ ಮನೆಯಲ್ಲೂ ಕೊಡುತ್ತಾರೆ. ಸಂತೆಯ ಸಬ್ಬಸಿಗೆ ಬಾಡಿದ್ದು. ಗೋಡೆಯಾಚೆ ನಿಂತದ್ದು ಹಸಿರು ಹಸಿರು. ಒಂದು ಬೆಳಿಗ್ಗೆ ನಾವು ಕಾಫಿ ಕುಡಿಯುತ್ತಿದ್ದಾಗ ನಡುಗೋಡೆಯ ಮೇಲೆ ಒಂದು ಮೊರ ಬಂದು ಕೂತಿತು. ಅದರ ಹಿಂದೆ ಮೇಷ್ಟ್ರ ಹೆಂಡತಿಯ ಮುಖ.

“ಸಿಸ್ಟರಮ್ಮ, ಒಂದಿಷ್ಟು ಸಬ್ಬಸಿಗೆ ಬೇಕಿತ್ತು. ಬಾಣಂತಿಗೆ. ಮೊರದೊಳಕ್ಕೆ ಹಾಕ್ಬಿಡಿ, ಆಮೇಲೆ ತಗೋತೀನಿ.”

ಕೈಗೆ ಕೈ ತಾಗದ ಹಾಗೆ ಕೊಡುವ, ತೆಗೆದುಕೊಳ್ಳುವ ಈ ಕ್ರಮ ನನಗೇನೂ ಹೊಸದಲ್ಲ. ಹಳೇ ಪೇಪರಿನ ಕಟ್ಟನ್ನು ನೆಲಕ್ಕೆ ಇಟ್ಟು ದೂರ ಸರಿಯುವ ಮನೆಗಳನ್ನು ಸೈಕಲ್ ದಿನಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ವ್ಯಾಪಾರ ಆದರೆ ಸಾಕು ಅಂತ ಬಗ್ಗಿ ಎತ್ತಿಕೊಂಡಿದ್ದೇನೆ. ಅವತ್ತೂ ನನ್ನ ಲೆಕ್ಕ ಅದೇ ಆಗಿತ್ತು.

ಸಿಸ್ಟರಮ್ಮ ಲೋಟ ಕೆಳಗಿಟ್ಟರು. “ಮುಂದಿನ ಗೇಟಿಂದ ಬನ್ನಿ. ಕೂತ್ಕೊಳ್ಳಿ, ಕಾಫಿ ಕುಡೀರಿ, ಎಷ್ಟು ಬೇಕೋ ಅಷ್ಟು ತಗೊಂಡೋಗಿ. ನನಗೆ ದುಡ್ಡು ಬೇಡ.”

“ಒಲೆ ಮೇಲೆ ಇಟ್ಟು ಬಂದಿದೀನಿ…”

“ಆರಿಸಿ ಬನ್ನಿ.”

ನನಗೇ ತಡೆಯಲಾಗಲಿಲ್ಲ. “ಅಮ್ಮ, ಬಾಣಂತಿಗೆ ಕೇಳ್ತಿದ್ದಾರೆ. ಕೊಟ್ಬಿಡಿ. ಒಂದು ಕಟ್ಟಲ್ಲಿ ಏನೋಗ್ತದೆ?”

ಆಯಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಇವತ್ತೂ ಬೆಲೆ ಕಟ್ಟಲಾರೆ. “ಹೌದಲ್ವಾ? ಬಾಣಂತಿ,” ಅಂದರು. ಎದ್ದರು. ದೊಡ್ಡ ಕಟ್ಟು ಸಬ್ಬಸಿಗೆ ಕೊಯ್ದು, ಬೇರು ತೊಳೆದು, ಬಾಳೆನಾರಿನಲ್ಲಿ ಕಟ್ಟಿ, ಸೆರಗು ಸರಿಮಾಡಿಕೊಂಡು ಮುಂದಿನ ಗೇಟಿನಿಂದ ಹೊರಟರು. ನಾನು ಹಿಂದೆ ಹೋದೆ. ಮೇಷ್ಟ್ರ ಗೇಟು ತೆಗೆದು, ಮೆಟ್ಟಿಲಿನ ಹತ್ತಿರ ನಿಂತರು.

ಮೇಷ್ಟ್ರು ಬಾಗಿಲಿಗೆ ಬಂದರು. ಕಟ್ಟನ್ನು ನೋಡಿದರು, ಆಯಮ್ಮನನ್ನು ನೋಡಿದರು. “ಅಯ್ಯೋ, ನೀವ್ಯಾಕೆ ತೊಂದ್ರೆ ತಗೊಂಡ್ರಿ. ದಯವಿಟ್ಟು ಜಗಲಿ ಮೇಲಿಡಿ.”

“ಬಾಣಂತಿ ಜಗಲಿ ಮೇಲಿದ್ದಾಳಾ ಮೇಷ್ಟ್ರೇ?”

ಒಳಗೆ ಮಗು ಅಳುತ್ತಿತ್ತು. ಸಿಸ್ಟರಮ್ಮನ ತಲೆ ತಾನಾಗಿ ಆ ಕಡೆ ವಾಲಿತು, ಪೈಪಿನ ಹತ್ತಿರ ನಿಂತಾಗ ವಾಲುತ್ತಿತ್ತಲ್ಲ, ಹಾಗೆ. ಅಳು ಎಂಥದ್ದು ಅಂತ ಅವರಿಗೆ ಗೊತ್ತಾಗಿರಬೇಕು, “ಮಗುಗೆ ಹಸಿವಾಗಿದೆ” ಅಂದರು ಅಷ್ಟೇ. ಕಟ್ಟಿನ ಸಮೇತ ತಿರುಗಿ ಬಂದರು.

ಅವತ್ತು ಅವರ ಮನೆಯಲ್ಲಿ ಸಬ್ಬಸಿಗೆ ಅಕ್ಕಿರೊಟ್ಟಿ. ನನಗೂ ಬಡಿಸಿದರು. ಕೊನೆಗೆ ನಾನು ವ್ಯಾಪಾರಿಯ ಬುದ್ಧಿ ಹೇಳಿದೆ. “ಅಮ್ಮ, ನೀವು ಬಿಗಿ ಹಿಡಿದ್ರಿ. ಮೊದಲು ಗೋಡೆ ಮೇಲೆ ಕೊಟ್ಟಿದ್ರೆ, ರುಚಿ ಹತ್ತಿ, ಆಮೇಲೆ ಗೇಟಿಗೂ ಬರ್ತಿದ್ರು. ವ್ಯಾಪಾರದಲ್ಲಿ ಮೊದಲು ಸ್ವಲ್ಪ ಇಳೀಬೇಕು.”

“ನಮ್ಮಮ್ಮ ಇಳಿಸಿದ್ಲು ಬುಟ್ಟೀನ. ದಿನಾ. ಯಾರಾದ್ರೂ ಗೆರೆ ಅಳಿಸಿದ್ರಾ?” ಅಂದರು. “ಇದು ವ್ಯಾಪಾರ ಅಲ್ಲ. ಇದಕ್ಕೆ ಒಂದೇ ರೇಟು. ಇಳಿಸೋದಿಲ್ಲ.”

ಆ ರೇಟನ್ನು ಅವರು ಇಳಿಸಲಿಲ್ಲ. ಬೀದಿಯೂ ಏರಲಿಲ್ಲ. ರೈಲ್ವೆ ಸ್ಟೇಷನ್ ಕಡೆಯ ಆಟೋದವರು, ಹೂವಿನವಳು, ಆಸ್ಪತ್ರೆಯ ಹಳೇ ಆಯಾಗಳು ಬಂದು ಭಾರದ ಗೇಟು ದಬ್ಬಿ, ಕಾಫಿ ಕುಡಿದು, ಸೊಪ್ಪು ತೆಗೆದುಕೊಂಡು ಹೋಗುತ್ತಿದ್ದರು. ಬೀದಿಯವರು ಮಾತ್ರ ಗೋಡೆಯಾಚೆಯಿಂದ ಹಸಿರು ನೋಡಿ ಸಂತೆಯ ಬಾಡಿದ್ದು ತರುತ್ತಿದ್ದರು.

ಮೊನ್ನೆ ಒಂದು ಬೆಳಿಗ್ಗೆ ಎದೆನೋವು ಅಂದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಎಲ್ಲರೂ ಬಂದರು. ಬೀದಿಯವರೂ ಬಂದರು, ಮುಂದಿನ ಗೇಟಿನಿಂದಲೇ. ಸತ್ತವರ ಮನೆಗೆ ಹೋಗುವುದು ಲೆಕ್ಕಕ್ಕಿಲ್ಲ. ಅಲ್ಲಿ ಯಾರೂ ಏನೂ ಕೈಯಿಂದ ತೆಗೆದುಕೊಳ್ಳುವುದಿಲ್ಲ.

ಫ್ಲೆಕ್ಸ್ ಕಟ್ಟಿದ ಮರುದಿನ ಮೇಷ್ಟ್ರು ನನ್ನ ಅಂಗಡಿಗೆ ಬಂದರು. “ಅವರೇ ಇಲ್ಲ. ಆ ಹುಡುಗಿಗೆ ರೈಲು, ಕೆಲಸ. ಅವಳಿಗೆ ಯಾಕೆ ತೊಂದ್ರೆ? ನಿಮ್ಮ ಸಾಮಾನೇ ಅಲ್ವೇ, ದಯವಿಟ್ಟು ಒಂದು ರೇಟು ಮಾಡಿ ಎತ್ಕೊಂಡು ಹೋಗಿ.” ಹುಡುಗಿಯೂ ಫೋನು ಮಾಡಿದಳು, “ಅಂಕಲ್, ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಬಂದು ನೋಡಿ ಹೇಳಿ.”

ಭಾನುವಾರ ಹೋದೆ. ಮೀನು ಕೈಯುದ್ದ ಆಗಿದ್ದವು. ಸಬ್ಬಸಿಗೆ ಕೊಯ್ಯದೆ ಹೂ ಬಿಡಲು ಬಂದಿತ್ತು. ಹುಡುಗಿ ಕಣ್ಣು ಕೆಳಗೆ ಮಾಡಿ ಕೇಳಿದಳು, “ಎಷ್ಟು ಕೊಡ್ತೀರಾ?”

ಒಳ್ಳೆಯ ಸಾಮಾನು. ನಾಳೆಯೇ ದುಪ್ಪಟ್ಟಿಗೆ ಹೋಗುವಂಥದ್ದು. ನಾನು ಟ್ಯಾಂಕು ತಟ್ಟಿ, ಮುಖ ಹುಳಿ ಮಾಡಿ, ಬಾಯಿಗೆ ಬಂದ ಅತಿ ಸಣ್ಣ ಮೊತ್ತ ಹೇಳಿದೆ. ಹುಡುಗಿಯ ತಲೆ ಮೇಲೆದ್ದಿತು.

“ಅಷ್ಟೇನಾ?”

“ಅಷ್ಟೇ ಕಣಮ್ಮ. ಹಳೇ ಪ್ಲಾಸ್ಟಿಕ್ಕು. ಮೀನು ನಾನು ತಗೊಳಲ್ಲ, ಚರಂಡಿಗೆ ಬಿಡು.”

“ಚರಂಡಿಗಾ? ದೊಡ್ಡಮ್ಮ ಇಷ್ಟು ದಿನ ಕಟ್ಟಿದ್ದು ಇಷ್ಟಕ್ಕಾ? ಬೇಡ ಬಿಡಿ ಅಂಕಲ್. ನಾನು ಕೊಡಲ್ಲ.”

“ನಿನ್ನಿಷ್ಟಮ್ಮ,” ಅಂದೆ. ಸಾಮಾನು ಕೈಗೆ ಸಿಗಬಾರದು ಅಂತ ಚೌಕಾಸಿ ಮಾಡಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಗೆದ್ದೆ. ಮೋಟಾರಿಗೆ ಹೊಸ ಕೆಪಾಸಿಟರ್ ಬೇಕಿತ್ತು. ಜೇಬಿನಲ್ಲೇ ತಂದಿದ್ದೆ, ಹಾಕುತ್ತಾ ಕೂತೆ. ಅವಳು ಡ್ರಮ್ಮಿನ ಹತ್ತಿರ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪೈಪಿನ ಮೇಲೆ ಎರಡು ಬೆರಳಿಟ್ಟಳು.

ಆಗ ನಡುಗೋಡೆಯ ಮೇಲೆ ಮೊರ ಬಂದು ಕೂತಿತು.

“ಏನಮ್ಮಾ, ಚೆನ್ನಾಗಿದ್ದೀಯಾ? ಆ ಸಬ್ಬಸಿಗೆ ಸುಮ್ನೆ ಬಲಿತು ಹೋಗ್ತಿದೆ. ಮೊಮ್ಮಗು ಬಂದಿದೆ, ರೊಟ್ಟಿಗೆ ಒಂದಿಷ್ಟು ಇದ್ರೊಳಕ್ಕೆ ಹಾಕ್ಬಿಡಮ್ಮ.” ಮೇಷ್ಟ್ರ ಹೆಂಡತಿ. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಯಮ್ಮ ಹೋದರು, ಆಯಮ್ಮನ ರೇಟೂ ಹೋಯಿತು ಅಂದುಕೊಂಡಿರಬೇಕು.

ನಾನು ಸ್ಕ್ರೂಡ್ರೈವರ್ ಹಿಡಿದು ಹಾಗೇ ಕೂತೆ. ಈ ಸಲ ನಾನು ಸಲಹೆ ಕೊಡಲಿಲ್ಲ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗಿ, ಒಬ್ಬಳೇ ಈ ಬೀದಿಯಲ್ಲಿ ಬದುಕಬೇಕಾದವಳು. ಹಾಕಿಬಿಟ್ಟಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಅವಳು ಪೈಪಿನಿಂದ ಕೈ ತೆಗೆಯಲಿಲ್ಲ. “ಮುಂದಿನ ಗೇಟಿಂದ ಬನ್ನಿ ಆಂಟಿ,” ಅಂದಳು. “ಕಾಫಿ ಮಾಡ್ತೀನಿ. ಕೈಯಲ್ಲೇ ಕೊಡ್ತೀನಿ.”

ಆಮೇಲೆ ಮೊರ ಮೆಲ್ಲಗೆ ಹಿಂದಕ್ಕೆ ಸರಿದು ಮಾಯವಾಯಿತು. ಹೋಯಿತು ಅಂದುಕೊಂಡೆ. ಡ್ರಮ್ಮು ತುಂಬಿ, ಗಟಗಟ ಖಾಲಿಯಾಗಿ, ಮತ್ತೆ ತುಂಬತೊಡಗಿತು.

ಬೀದಿಯಲ್ಲಿ ಚಪ್ಪಲಿ ಸದ್ದು. ಮುಂದಿನ ಗೇಟಿನ ಹತ್ತಿರ ನಿಂತಿತು. ಚಿಲಕ ಒಮ್ಮೆ ಕಿರುಗುಟ್ಟಿತು, ಕಚ್ಚಿಕೊಂಡಿತು. ಇನ್ನೊಮ್ಮೆ ಕಿರುಗುಟ್ಟಿತು.

ಹುಡುಗಿ ನನ್ನ ಮುಖ ನೋಡಿದಳು. ಆ ಚಿಲಕದ ಗುಟ್ಟು ನನಗೆ ಗೊತ್ತು, ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು. ನಾನು ಏಳಲಿಲ್ಲ. ಅವಳೂ ಹೋಗಲಿಲ್ಲ.

ಅವರೇ ಗೇಟು ತೆಗೆದುಕೊಂಡು ಬರಲಿ.